ನಾಲ್ಕನೇ ನಂಬರ್ ಕ್ವಾರ್ಟರ್ಸಿನ ದೊರೆಗಳು

1984ನೇ ಇಸವಿ ಫೆಬ್ರವರಿ ಒಂಬತ್ತನೇ ತಾರೀಖು ಬಸವೇಶ್ವರನಗರದಲ್ಲಿರುವ ನಮ್ಮ ಇಲಾಖೆಯ ವಸತಿಗೃಹಗಳ ಪೈಕಿ ನಾಲ್ಕನೇ ನಂಬರಿನ ಮನೆಯನ್ನು ಲಾರ್ಡ್ ಆಂಬ್ರೋಸ್ ವಿದರ್‌ಬಿ ಅವರಿಗೆ ಸೇವಾ ಹಿರಿತನದ ಆಧಾರದ ಮೇಲೆ ಮಂಜೂರು ಮಾಡಲಾಯಿತು. ಆ ಸಮಯದಲ್ಲಿ ಅವರು ಏಳಡಿ ಎತ್ತರ, ಐದಡಿ ಅಗಲದ ಒಂದು ಎಣ್ಣೆಬಣ್ಣದ ಚಿತ್ರವಾಗಿದ್ದರು. ಈ ಮಂಜೂರಾತಿಯಲ್ಲಿ ಯಾವ ಲೋಪವೂ ಇಲ್ಲವೆಂದು ಆಮೇಲೆ ಎರಡು ಸಲ ತಪಾಸಣೆಗೆ ಬಂದವರೂ ಬರೆದುಕೊಟ್ಟು, ಕಾಫಿ ಕುಡಿದು ಹೋಗಿದ್ದಾರೆ. ಆದೇಶವನ್ನು ಟೈಪು ಮಾಡಿ, ಲಕೋಟೆಗೆ ಹಾಕಿ, ರವಾನೆ ಪುಸ್ತಕದಲ್ಲಿ ನಂಬರು ಕೊಟ್ಟವನು ನಾನೇ. ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಹಕ್ಕು ನನಗೆ ಸ್ವಲ್ಪ ಇದೆ ಎಂದುಕೊಂಡಿದ್ದೇನೆ.

ನಮ್ಮದು ಬೀದಿದೀಪದ ಕಂಬಗಳ ಎಣಿಕೆ ಇಲಾಖೆ. ದೀಪ ಹಚ್ಚುವುದು, ಬಲ್ಬು ಬದಲಾಯಿಸುವುದು ಬೇರೆಯವರ ಕೆಲಸ. ಕಂಬಗಳು ಎಷ್ಟಿವೆ ಎಂದು ಎಣಿಸುವುದಷ್ಟೇ ನಮ್ಮದು. ಮೈಸೂರು ರಸ್ತೆಯಿಂದ ಎಣಿಸುತ್ತಾ ಬಂದು ತುಮಕೂರು ರಸ್ತೆ ಮುಟ್ಟುವಷ್ಟರಲ್ಲಿ ಮೈಸೂರು ರಸ್ತೆಯಲ್ಲಿ ಲಾರಿಗಳು ಒಂದೆರಡು ಕಂಬ ಬೀಳಿಸಿರುತ್ತಿದ್ದವು. ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತಿತ್ತು. ಹೀಗಾಗಿ ಇಲಾಖೆಗೆ ಕೆಲಸದ ಬರ ಎಂದೂ ಬಂದಿಲ್ಲ. ಸೀಮೆಎಣ್ಣೆ ದೀಪಗಳ ಕಾಲದಲ್ಲಿ, 1887ರಲ್ಲಿ, ಇದನ್ನು ಸ್ಥಾಪಿಸಿದವರು ಲಾರ್ಡ್ ವಿದರ್‌ಬಿ. ಗವರ್ನರರ ಸಭೆಯಲ್ಲಿ ಸದಸ್ಯರಾಗಿದ್ದ ದೊಡ್ಡ ಮನೆತನದವರು. ಒಂದು ಸಾಯಂಕಾಲ ಕಂಟೋನ್ಮೆಂಟಿನಲ್ಲಿ ಹವಾ ಸೇವನೆಗೆ ಹೊರಟವರು ಕಂಬಕ್ಕೆ ಹಣೆ ಹೊಡೆದುಕೊಂಡರಂತೆ. ಇಂಥವು ಇನ್ನೆಷ್ಟಿವೆ ಎಂದು ಕೇಳಿದರಂತೆ. ಯಾರಿಗೂ ಗೊತ್ತಿರಲಿಲ್ಲ. ಇಲಾಖೆ ಹುಟ್ಟಿತು.

ಚಿತ್ರದಲ್ಲಿ ಅವರು ಕೆಂಪು ನಿಲುವಂಗಿ ತೊಟ್ಟು, ಸೊಂಟಕ್ಕೆ ಕತ್ತಿ ಸಿಕ್ಕಿಸಿ, ಎದೆಯ ತುಂಬ ಪದಕ ಹಾಕಿಕೊಂಡು ನಿಂತಿದ್ದಾರೆ. ಕಾಲ ಬಳಿ ಉದ್ದ ಕಿವಿಯ ಒಂದು ನಾಯಿ. ನಾಯಿಯ ವಿಷಯದಲ್ಲಿ ಪ್ರತ್ಯೇಕ ಕಡತವಿದೆ, ಇಲ್ಲಿ ಅದು ಬೇಡ.

1983ರಲ್ಲಿ ನಮ್ಮ ಕಚೇರಿ ಕಂಟೋನ್ಮೆಂಟಿನ ಸೋರುವ ಬಂಗಲೆಯಿಂದ ರಾಜಾಜಿನಗರದ ಹೊಸ ಕಟ್ಟಡಕ್ಕೆ ಬಂತು. ಹೊಸ ಕಟ್ಟಡದ ಗೋಡೆಗಳೆಲ್ಲ ಕಂಬದ ರಿಜಿಸ್ಟರುಗಳಿದ್ದ ಬೀರುಗಳಿಗೇ ಆಗಿಹೋದವು. ದೊರೆಗಳನ್ನು ವರಾಂಡದಲ್ಲಿ ಒರಗಿಸಿದೆವು. ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಅಟೆಂಡರ್ ಬೈರಯ್ಯನಿಗೆ ಕುಂಕುಮದ ಬಟ್ಟಲು ಕೈಗೆ ಸಿಕ್ಕಿದರೆ ಮುಂದೆ ಏನಿದೆ ಎಂದು ನೋಡುವ ಅಭ್ಯಾಸವಿಲ್ಲ. ಟೈಪ್‌ರೈಟರಿಗೆ, ಬೀರುಗಳಿಗೆ, ಸೈಕಲ್ಲಿಗೆ, ನೀರಿನ ಫಿಲ್ಟರಿಗೆ, ಕೊನೆಗೆ ದೊರೆಗಳ ಹಣೆಗೂ ವಿಭೂತಿ ಎಳೆದು ಕುಂಕುಮವಿಟ್ಟ. ಸೇವಂತಿಗೆ ಹಾರ ಒಂದು ಉಳಿದಿತ್ತು, ಅದನ್ನೂ ಹಾಕಿದ. ಎಲ್ಲರೂ ಕೈಮುಗಿದು ಪುರಿ, ಸಿಹಿ ತಿಂದೆವು.

ತೊಂದರೆ ಶುರುವಾದದ್ದು ಅಲ್ಲಿಂದ. ಹಳೆಯ ಸಾಮಾನಿನ ಜೊತೆ ಚಿತ್ರವನ್ನೂ ಹರಾಜು ಹಾಕಬೇಕೆಂದು ತೀರ್ಮಾನವಾಗಿತ್ತು. ಬಿನ್ನಿಪೇಟೆಯಿಂದ ಗುಜರಿ ಮುನಿಯಣ್ಣ ತಕ್ಕಡಿ ತಂದ. ಮುರಿದ ಕುರ್ಚಿಗಳನ್ನೆಲ್ಲ ಗಾಡಿಗೆ ಏರಿಸಿ, ದೊರೆಗಳ ಮುಂದೆ ಬಂದು ನಿಂತವನು ಚಪ್ಪಲಿ ಬಿಟ್ಟ.

"ಇದು ಪೂಜೆ ಆಗಿರೋ ಪಟ ಸಾರ್. ತೂಕಕ್ಕೆ ಹಾಕಕ್ಕಾಗಲ್ಲ. ಮನೇಲಿ ಹೆಂಗಸ್ರು ಒಳಕ್ಕೇ ಸೇರ್ಸಲ್ಲ."

ನಮ್ಮ ಸೂಪರಿಂಟೆಂಡೆಂಟ್ ಶ್ಯಾಮಸುಂದರ ಹೇಳಿದರು. "ದೇವರಲ್ಲ ಕಣಯ್ಯ ಅವರು. ಇಂಗ್ಲಿಷಿನೋರು."

"ಯಾರಾದ್ರೇನು ಸಾರ್. ಕುಂಕುಮ ಕುಂಕುಮಾನೇ ಅಲ್ವಾ?"

ಗಾಜು ಒಡೆದ, ಗೆದ್ದಲು ಹಿಡಿದ ದೇವರ ಪಟಗಳನ್ನು ಅರಳಿಕಟ್ಟೆಯ ಮೇಲಿಟ್ಟು ಕೈಮುಗಿದು ಬರುವುದು ನಮ್ಮ ಕಡೆಯ ಪದ್ಧತಿ. ನಾವೂ ನಾಲ್ಕು ಜನ ಸೇರಿ ದೊರೆಗಳನ್ನು ಹೊತ್ತು ಪಕ್ಕದ ರಸ್ತೆಯ ಅರಳಿಕಟ್ಟೆಗೆ ಒರಗಿಸಿ ಬಂದೆವು. ಮೂರನೇ ದಿನ ಕಟ್ಟೆಯ ಪೂಜಾರಿ ಕಚೇರಿಗೆ ಬಂದರು. ಪ್ರದಕ್ಷಿಣೆ ಹಾಕುವವರಿಗೆ ದಾರಿಯಿಲ್ಲ, ಅದೂ ಅಲ್ಲದೆ ಹೆಂಗಸರು ಮೊದಲು ಇವರಿಗೇ ದೀಪ ಹಚ್ಚುತ್ತಿದ್ದಾರೆ, ನಾಗರಕಲ್ಲುಗಳ ಮುಂದೆ ಎಣ್ಣೆಯಿಲ್ಲ ಎಂದು ದೂರಿದರು. ದೊರೆಗಳು ವರಾಂಡಕ್ಕೆ ವಾಪಸು ಬಂದರು. ಆ ವರ್ಷ ಹಿಂಗಾರು ಜೋರಾಗಿತ್ತು, ಇರಚಲು ಹೊಡೆದು ನಾಯಿಯ ಕಿವಿ ಒದ್ದೆಯಾಯಿತು.

ನಮ್ಮ ವಿಭಾಗಾಧಿಕಾರಿ ಬಸವಲಿಂಗಪ್ಪನವರು ದಾವಣಗೆರೆ ಕಡೆಯಿಂದ ವರ್ಗವಾಗಿ ಬಂದವರು. ನಿಯಮಾವಳಿಯ ಪುಸ್ತಕವನ್ನು ವಸ್ತ್ರದಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದರು. ಪೂಜೆಗೊಂಡ ಪಟವನ್ನು ನೆನೆಯಲು ಬಿಡುವುದು ಅವರ ಮನಸ್ಸಿಗೆ ಬರಲಿಲ್ಲ. ಬಸವೇಶ್ವರನಗರದಲ್ಲಿ ನಾಲ್ಕನೇ ನಂಬರ್ ಮನೆ ಆಗತಾನೆ ಖಾಲಿಯಾಗಿತ್ತು. ಆದರೆ ವಸತಿಗೃಹವನ್ನು ಉಗ್ರಾಣವಾಗಿ ಬಳಸಕೂಡದೆಂದು ಹದಿನೇಳನೇ ನಿಯಮ ಹೇಳುತ್ತಿತ್ತು. ಅಲ್ಲಿ ಸಾಮಾನು ಇಡುವಂತಿಲ್ಲ. ನೌಕರರು ಇರಬಹುದು.

ಬಸವಲಿಂಗಪ್ಪನವರು ಹಳೆಯ ಸೇವಾಪುಸ್ತಕ ತರಿಸಿದರು. ಮೊದಲ ಹಾಳೆಯಲ್ಲಿ ಲಾರ್ಡ್ ವಿದರ್‌ಬಿ ಕೆಲಸಕ್ಕೆ ಸೇರಿದ ತಾರೀಖು ಸ್ಪಷ್ಟವಾಗಿತ್ತು. ಬಿಡುಗಡೆಯಾದ ತಾರೀಖಿನ ಕಲಂ ಖಾಲಿ. ನಿವೃತ್ತಿ ಎಂದು ಊಹಿಸೋಣವೆಂದರೆ ಹುಟ್ಟಿದ ತಾರೀಖೂ ಇರಲಿಲ್ಲ. ಹುಟ್ಟಿದ ತಾರೀಖಿಲ್ಲದ ನೌಕರನನ್ನು ನಿವೃತ್ತಿ ಮಾಡಿಸುವುದು ನಮ್ಮಲ್ಲಿ ಯಾರಿಂದಲೂ ಸಾಧ್ಯವಿಲ್ಲ. ಹೋದದ್ದಕ್ಕೆ ದಾಖಲೆಯಿಲ್ಲವೆಂದರೆ ಹೋಗಿಲ್ಲವೆಂದೇ ಅರ್ಥ. ಸಂಬಳವನ್ನು ಅವರು ಕೇಳಿರಲಿಲ್ಲ, ನಾವು ಕೊಟ್ಟಿರಲಿಲ್ಲ. ಅದರಲ್ಲಿ ಎರಡೂ ಕಡೆಯಿಂದ ತಪ್ಪಿಲ್ಲ.

ಈಗ ಮುನಿತಾಯಮ್ಮನ ವಿಷಯ ಹೇಳಬೇಕು. ಆಕೆ ನಮ್ಮ ಕಚೇರಿಯ ಕಸ ಗುಡಿಸಿ, ನೀರು ತುಂಬಿಸುವವರು. 1972ರಲ್ಲಿ ಸೇರಿದವರು. ಗಂಡ ಹೊಸೂರಿನ ಕಡೆ ಕೆಲಸಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ನಾಯಂಡಹಳ್ಳಿಯಲ್ಲಿ ಒಂದು ವರ್ಕ್‌ಶಾಪಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಮಗಳು ಇಂದ್ರಳ ಜೊತೆ ಇದ್ದರು. ನಲ್ಲಿಗೆ ಒಂದು ಫರ್ಲಾಂಗ್ ನಡೆಯಬೇಕು. ಬೇಸಗೆಯಲ್ಲಿ ತಗಡು ಕಾದು ಒಳಗೆ ಕೂರಲಾಗದೆ ಆ ಹುಡುಗಿ ರಸ್ತೆಯ ಕಂಬದ ಕೆಳಗೆ ಕೂತು ಓದುತ್ತಿದ್ದಳು. ಆ ಕಂಬವನ್ನು ನಾವು ಎಣಿಸಿದ್ದೇವೆ. ಕ್ವಾರ್ಟರ್ಸಿಗಾಗಿ ಅರ್ಜಿ ಕೊಟ್ಟು ಹನ್ನೊಂದು ವರ್ಷವಾಗಿತ್ತು. ಒಬ್ಬೊಬ್ಬರೇ ಮುಂದೆ ಸರಿದು, ಆ ಜನವರಿಯಲ್ಲಿ ಪಟ್ಟಿಯ ಮೊದಲ ಹೆಸರು ಮುನಿತಾಯಮ್ಮನದೇ ಆಗಿತ್ತು. ಎರಡನೆಯವರು ಸೂಪರಿಂಟೆಂಡೆಂಟ್ ಶ್ಯಾಮಸುಂದರ. ಅವರು ಬೇರೆ ಇಲಾಖೆಯಿಂದ ಬಂದು ಸೇರಿದವರಾದ್ದರಿಂದ ಹಿರಿತನದಲ್ಲಿ ಹಿಂದೆ ಬಿದ್ದಿದ್ದರು. ವಿಜಯನಗರದಲ್ಲಿ ಅವರಿಗೆ ಎರಡಂತಸ್ತಿನ ಸ್ವಂತ ಮನೆಯಿತ್ತು. ಎರಡೂ ಅಂತಸ್ತು ಬಾಡಿಗೆಗೆ ಕೊಟ್ಟಿರುವುದರಿಂದ ತಮಗಿರಲು ಮನೆಯಿಲ್ಲ, ಮಾವನ ಮನೆಯಲ್ಲಿದ್ದೇನೆ ಎಂದು ಅರ್ಜಿಯಲ್ಲಿ ಬರೆದಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಪಟ್ಟಿಯನ್ನು ಸೇವೆಗೆ ಸೇರಿದ ತಾರೀಖಿನ ಪ್ರಕಾರ ಮಾಡತಕ್ಕದ್ದು. 1887 ಮೊದಲು, 1972 ಆಮೇಲೆ. ಬಸವಲಿಂಗಪ್ಪನವರು ಮುನಿತಾಯಮ್ಮನನ್ನು ಕರೆಸಿ ತಾವೇ ವಿವರಿಸಿದರು. ಅಷ್ಟು ಮರ್ಯಾದೆ ಅವರಲ್ಲಿತ್ತು.

"ನೋಡವಾ, ನಿನ್ನ ಮ್ಯಾಲೆ ಒಬ್ರು ಸೀನಿಯರ್ ಅದಾರ. ಮನಿ ಅವರಿಗೆ ಹೋಗ್ತತಿ."

"ಯಾರು ಸಾರ್?"

ಬಸವಲಿಂಗಪ್ಪನವರು ವರಾಂಡದ ಕಡೆ ಕೈ ತೋರಿಸಿದರು. ಮುನಿತಾಯಮ್ಮ ತಿರುಗಿ ನೋಡಿದರು.

"ಅವ್ರು ಉಣ್ಣಲ್ಲ, ತಿನ್ನಲ್ಲ. ಅವ್ರಿಗ್ಯಾಕೆ ಸಾರ್ ಮನೆ?"

"ಉಣ್ಣಬೇಕು ಅಂತ ರೂಲ್‌ನಾಗ ಇಲ್ಲವಾ."

"ಅವ್ರು ಯಾವಾಗ ಖಾಲಿ ಮಾಡ್ತಾರೆ?"

"ವರ್ಗ ಆದ್ರ, ರಿಟೈರ್ ಆದ್ರ, ಇಲ್ಲಾ ಸತ್ತರ."

ಮುನಿತಾಯಮ್ಮ "ಆಯ್ತು ಬುಡಿ" ಎಂದು ಪೊರಕೆ ತೆಗೆದುಕೊಂಡು ಹೋದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಒಳ್ಳೆಯವನೇ, ಪುಸ್ತಕ ಅಡ್ಡ ಬಂತು. ಅವತ್ತು ಆದೇಶ ಟೈಪು ಮಾಡುವಾಗ ಅವರ ಅರ್ಜಿಯನ್ನು ಇನ್ನೊಮ್ಮೆ ತೆಗೆದು ನೋಡಿದೆ ನಿಜ. ಆದರೂ ಮೂರು ಕಾರ್ಬನ್ ಪ್ರತಿ ತೆಗೆದೆ.

ದೊರೆಗಳನ್ನು ಎತ್ತಿನ ಗಾಡಿಯಲ್ಲಿ ಬಸವೇಶ್ವರನಗರಕ್ಕೆ ಸಾಗಿಸಿದೆವು. ಬಾಗಿಲಲ್ಲಿ ಬೈರಯ್ಯ ಗಾಡಿ ತಡೆದ. ಹಾಲು ಉಕ್ಕಿಸದೆ ಹೊಸ ಮನೆಗೆ ಹೋಗುವುದುಂಟೇ ಎಂದು ಅವನ ಪ್ರಶ್ನೆ. ಇದನ್ನು ಯಾರೂ ಅಲ್ಲಗಳೆಯಲಿಲ್ಲ. ಇದ್ದವರಲ್ಲಿ ಹೆಂಗಸು ಮುನಿತಾಯಮ್ಮ ಒಬ್ಬರೇ, ನೆಲ ತೊಳೆಯಲು ಬಂದಿದ್ದರು. ತನಗೆ ಬರಬೇಕಿದ್ದ ಮನೆಯ ಅಡುಗೆಮನೆಯಲ್ಲಿ ಅವರೇ ಒಲೆ ಹೂಡಿ, ಲಾರ್ಡ್ ವಿದರ್‌ಬಿ ಅವರ ಪರವಾಗಿ ಹಾಲು ಉಕ್ಕಿಸಿದರು. ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ಎಂದೂ ನೋಡಿದರು. ಧಾರಾಳವಾಗಿ ಬಂತು. ಆ ನಲ್ಲಿಯನ್ನು ಅವರು ನಿಲ್ಲಿಸಿದ ರೀತಿ ನೋಡಿದ ಮೇಲೆ ಬಸವಲಿಂಗಪ್ಪನವರಿಗೆ ಆ ರಾತ್ರಿ ಊಟ ಸೇರಲಿಲ್ಲವೆಂದು ಆಮೇಲೆ ಅವರ ಮನೆಯವರು ಹೇಳಿದರು.

ಮಾರನೆಯ ವಾರ ಅವರು ಮೂವತ್ತೊಂದನೇ ನಿಯಮವನ್ನು ಹುಡುಕಿ ತೆಗೆದರು. ಒಂಟಿಯಾಗಿ ವಾಸಿಸುವ ಮೇಲ್ದರ್ಜೆಯ ಅಧಿಕಾರಿಗೆ ಮನೆಯಲ್ಲೇ ಇರುವ ಕೆಲಸದವರನ್ನು ಒದಗಿಸತಕ್ಕದ್ದು. ಅವರಿಗೆ ಅಡುಗೆಮನೆ, ಹಿತ್ತಿಲ ಜಗಲಿ ಬಿಟ್ಟುಕೊಡಬಹುದು, ಹಜಾರ ಮಾತ್ರ ಅಧಿಕಾರಿಯದು. ಮುನಿತಾಯಮ್ಮನಿಂದ ಅರ್ಜಿ ಬರೆಸಿದೆವು. "ಅಧಿಕಾರಿಗಳ ಸಮ್ಮುಖದಲ್ಲಿ ಓದಿ ಹೇಳಲಾಯಿತು, ಅವರು ಆಕ್ಷೇಪಣೆ ಎತ್ತಿಲ್ಲ" ಎಂದು ನಾನು ಷರಾ ಬರೆದೆ. ತಾಯಿ ಮಗಳು ಒಂದು ಟ್ರಂಕು, ನಾಲ್ಕು ಪಾತ್ರೆ, ಒಂದು ಕೋಳಿಯ ಸಮೇತ ನಾಯಂಡಹಳ್ಳಿಯಿಂದ ಬಂದರು. ದೀಪವಿದ್ದದ್ದು ಹಜಾರದಲ್ಲಿ. ಹಾಗಾಗಿ ಇಂದ್ರ ಹೊಸ್ತಿಲಿನ ಈಚೆ ಕೂತು, ಪುಸ್ತಕವನ್ನು ಮಾತ್ರ ಹೊಸ್ತಿಲಿನ ಆಚೆ ಇಟ್ಟು ಓದುತ್ತಿದ್ದಳು. ನಿಯಮದಲ್ಲಿ ಪುಸ್ತಕದ ವಿಷಯ ಇರಲಿಲ್ಲ.

ಶ್ಯಾಮಸುಂದರ ಇದನ್ನು ವಿರೋಧಿಸಲಿಲ್ಲ. ಒಂದೇ ಒಂದು ಟಿಪ್ಪಣಿ ಹಾಕಿದರು. ಮುನಿತಾಯಮ್ಮ ಈಗ ಸರ್ಕಾರಿ ಸೂರಿನಡಿಯಲ್ಲೇ ವಾಸವಾಗಿರುವುದರಿಂದ ಕಾಯುವವರ ಪಟ್ಟಿಯಿಂದ ಅವರ ಹೆಸರನ್ನು ತೆಗೆಯಬಹುದು. ತೆಗೆದೆವು. ದೊರೆಗಳು ಎಂದಾದರೂ ಮನೆ ಬಿಟ್ಟರೆ ಮುಂದಿನ ಹೆಸರು ಶ್ಯಾಮಸುಂದರ ಅವರದು, ಮುನಿತಾಯಮ್ಮ ಬೀದಿಗೆ.

ಆಮೇಲೆ ರೇಷನ್ ಇನ್‌ಸ್ಪೆಕ್ಟರ್ ಬಂದರು. ಮನೆ ಮಂಜೂರಾದವರು ಯಾರೋ ಅವರೇ ಕುಟುಂಬದ ಮುಖ್ಯಸ್ಥರು, ಅದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಸಂಬಂಧದ ಕಲಂ ಬಂದಾಗ ಪೆನ್ನು ನಿಂತಿತು.

"ಕೆಲಸದೋರು ಅಂತ ಕಲಮ್ಮೇ ಇಲ್ಲ ಕಣಮ್ಮ. ಹೆಂಡ್ತಿ, ಮಗ, ಮಗಳು, ಮೊಮ್ಮಕ್ಕಳು ಇಷ್ಟೇ. ಯಾವ್ದು ಹಾಕ್ಲಿ?"

ಮುನಿತಾಯಮ್ಮ ಯೋಚಿಸಿ ಹೇಳಿದರು. "ಮಗ್ಳು ಅಂತ್ಲೇ ಹಾಕ್ಕೊಳಿ. ಬೆಳಗ್ಗೆದ್ದು ಮುಖ ಒರ್ಸೋಳು ನಾನೇ ಅಲ್ವಾ?"

ಹೀಗೆ ಕಾರ್ಡಿನಲ್ಲಿ ಮೂವರ ಹೆಸರು ಬಂತು. ಲಾರ್ಡ್ ಆಂಬ್ರೋಸ್ ವಿದರ್‌ಬಿ, ಮಗಳು ಮುನಿತಾಯಮ್ಮ, ಮೊಮ್ಮಗಳು ಇಂದ್ರ. ಸಕ್ಕರೆಯನ್ನು ಮೂವರಿಗೂ ಕೊಟ್ಟರು. ದೊರೆಗಳ ಪಾಲಿನ ಸಕ್ಕರೆಯಲ್ಲಿ ಮುನಿತಾಯಮ್ಮ ಶುಕ್ರವಾರ ಶುಕ್ರವಾರ ಪಾಯಸ ಮಾಡಿ ಅವರ ಮುಂದೆ ಇಟ್ಟು, ಆಮೇಲೆ ಕ್ವಾರ್ಟರ್ಸಿನ ಮಕ್ಕಳಿಗೆ ಹಂಚುತ್ತಿದ್ದರು.

ಶ್ಯಾಮಸುಂದರ ಅವರಿಗೂ ದೊರೆಗಳಿಂದ ಅನುಕೂಲವಾಯಿತು. ಮೇಲ್ದರ್ಜೆಯ ಅಧಿಕಾರಿಗೆ ತಿಂಗಳಿಗೆ ಎರಡು ಗಂಧದ ಸೋಪು, ವರ್ಷಕ್ಕೆ ನಾಲ್ಕು ಟವೆಲು, ಒಂದು ಸೀಲಿಂಗ್ ಫ್ಯಾನು, ದಿನವೂ ಪತ್ರಿಕೆ ಸಲ್ಲುತ್ತದೆ. ಇವನ್ನು ದೊರೆಗಳ ಪರವಾಗಿ ಶ್ಯಾಮಸುಂದರ ಪಡೆದು ಮಾವನ ಮನೆಗೆ ಒಯ್ಯುತ್ತಿದ್ದರು. ಪಡೆಯಲು ಪ್ರತಿ ತಿಂಗಳೂ ಒಂದು ದೃಢೀಕರಣ ಪತ್ರ ಬೇಕು. "ಮೇಲ್ಕಂಡ ಅಧಿಕಾರಿಗಳು ನಾಲ್ಕನೇ ನಂಬರ್ ವಸತಿಗೃಹದಲ್ಲಿ ಜೀವಂತವಾಗಿ ವಾಸವಾಗಿದ್ದು, ಸೋಪನ್ನು ಖುದ್ದಾಗಿ ಪಡೆದಿರುತ್ತಾರೆ" ಎಂದು ಅವರು ಸಹಿ ಹಾಕುತ್ತಿದ್ದರು. ಇಂಥವು ನಲವತ್ತೊಂದು ಪತ್ರಗಳು ನನ್ನ ಕಡತದಲ್ಲಿವೆ. ಬೇಸಗೆಯಲ್ಲಿ ದೊರೆಗಳಿಗೆ ಫ್ಯಾನಿರಲಿಲ್ಲ. ಮುನಿತಾಯಮ್ಮ ಮೊರದಿಂದ ಬೀಸುತ್ತಿದ್ದರು, ಸೆಕೆಗೆ ಬಣ್ಣ ಬಿರುಕು ಬಿಡಬಾರದೆಂದು.

ಆದರೆ ಸೋಪಿಗಿಂತ ಮನೆ ದೊಡ್ಡದು. ಮೂರು ವರ್ಷ ಸೋಪು ಹಚ್ಚಿಕೊಂಡ ಮೇಲೆ ಶ್ಯಾಮಸುಂದರ ಅವರಿಗೆ ಇದು ಹೊಳೆಯಿತು. ಹಳೆಯ ಕಾಗದಗಳಲ್ಲಿ ದೊರೆಗಳ ಊರಿನ ವಿಳಾಸ ಹುಡುಕಿ, ತಮ್ಮ ಸ್ವಂತ ಖರ್ಚಿನಲ್ಲಿ ಇಂಗ್ಲೆಂಡಿಗೆ ಪತ್ರ ಬರೆದರು. ನಿಮ್ಮ ಹಿರಿಯರು ನಮ್ಮಲ್ಲಿದ್ದಾರೆ, ಬಂದು ಕರೆದುಕೊಂಡು ಹೋಗಬಹುದು. ಅಂಚೆಚೀಟಿಗೆ ಅವರು ಸ್ವಂತ ದುಡ್ಡು ಹಾಕಿದ್ದು ನೋಡಿಯೇ ನನಗೆ ಗಾಬರಿಯಾಯಿತು.

1987ರ ಜುಲೈನಲ್ಲಿ ದೊರೆಗಳ ಮರಿಮೊಮ್ಮಗಳು ಮಿಸ್ ಹ್ಯಾರಿಯೆಟ್ ವಿದರ್‌ಬಿ ಬರುವುದಾಗಿ ತಂತಿ ಬಂತು. ನಾನು ಹಿಂದಿನ ಸಾಯಂಕಾಲವೇ ನಾಲ್ಕನೇ ನಂಬರಿಗೆ ಹೋದೆ. ನಿಯಮ ಮೀರಿದ ಮಾತು ನನ್ನ ಸೇವೆಯಲ್ಲಿ ಅದೊಂದೇ.

"ನಾಳೆ ಬೀಗ ಹಾಕ್ಕೊಂಡು ಎಲ್ಲಾದ್ರೂ ಹೋಗ್ಬಿಡಮ್ಮ. ಸಾಹೇಬ್ರು ಟೂರ್ ಮೇಲಿದಾರೆ ಅಂತ ನಾನು ಹೇಳ್ತೀನಿ. ಅವರು ಹೋದ್ರೆ ನಿನ್ನ ಮನೆ ಹೋಯ್ತು, ಗೊತ್ತಲ್ವಾ?"

"ಗೊತ್ತು ಸಾರ್." ಮುನಿತಾಯಮ್ಮ ಒದ್ದೆ ಬಟ್ಟೆಯಿಂದ ಚೌಕಟ್ಟು ಒರೆಸುತ್ತಿದ್ದರು. "ಆದ್ರೆ ಅವ್ರ ಮನೆ ಮಗ್ಳು ಅಷ್ಟ್ ದೂರದಿಂದ ಬತ್ತಾವ್ಳೆ. ಬೀಗ ನೋಡ್ಕಂಡ್ ಹೋಗ್ಲಾ?"

"ಇಂದ್ರ ಸ್ಕೂಲು?"

ಅವರು ಚೌಕಟ್ಟಿನ ಒಂದೇ ಮೂಲೆಯನ್ನು ಬಹಳ ಹೊತ್ತು ಒರೆಸಿದರು. ಇಂದ್ರ ಆಗ ಒಂಬತ್ತನೇ ಕ್ಲಾಸಿನಲ್ಲಿದ್ದಳು, ತರಗತಿಗೇ ಮೊದಲು. ನನಗೆ ನನ್ನ ಮೇಲೆ ನಾಚಿಕೆಯಾಗಿ ಎದ್ದು ಬಂದೆ.

ಮಿಸ್ ಹ್ಯಾರಿಯೆಟ್ ಎಪ್ಪತ್ತು ದಾಟಿದ, ಬಡಕಲು ಮೈಯ ಹೆಂಗಸು. ಆಟೋದಲ್ಲಿ ಬಂದರು. ಬಸವಲಿಂಗಪ್ಪನವರು, ಶ್ಯಾಮಸುಂದರ, ನಾನು ಹಜಾರದಲ್ಲಿ ನಿಂತಿದ್ದೆವು. ಆಕೆ ಚಿತ್ರದ ಮುಂದೆ ನಿಂತು ಕುಂಕುಮವನ್ನೂ ಹಾರವನ್ನೂ ನೋಡಿದರು. ಕೆಳಗಿದ್ದ ಪಾಯಸದ ಲೋಟವನ್ನು ನೋಡಿದರು. ಇಷ್ಟು ಚೆನ್ನಾಗಿ ಇಟ್ಟುಕೊಂಡವರು ಯಾರು ಎಂದು ಕೇಳಿದರು. ನಾನು ಹೊಸ್ತಿಲಾಚೆ ನಿಂತಿದ್ದ ಮುನಿತಾಯಮ್ಮನನ್ನು ತೋರಿಸಿದೆ. ಆಕೆ ಹೋಗಿ ಮುನಿತಾಯಮ್ಮನ ಕೈ ಹಿಡಿದುಕೊಂಡರು. ತಮ್ಮ ದೊಡ್ಡ ಮನೆ ಯಾವಾಗಲೋ ಮಾರಿಹೋಯಿತೆಂದೂ ಈಗ ತಾವು ಎರಡು ಕೋಣೆ ಬಾಡಿಗೆಗೆ ಹಿಡಿದಿರುವುದಾಗಿಯೂ ಊರಿನ ಮ್ಯೂಸಿಯಮ್ಮಿನವರು ಚಿತ್ರಕ್ಕೆ ಒಂದು ಗೋಡೆ ಕೊಟ್ಟಿದ್ದಾರೆಂದೂ ಹೇಳಿದರು. ನಾನು ಅದನ್ನೆಲ್ಲ ಕನ್ನಡದಲ್ಲಿ ಹೇಳಿದೆ.

"ಪಾಪ, ಅವ್ರಿಗೂ ಬಾಡಿಗೆ ಮನೇನಾ?" ಎಂದರು ಮುನಿತಾಯಮ್ಮ. "ಕರ್ಕಂಡ್ ಹೋಗ್ಲಿ ಬುಡಿ ಸಾರ್. ಜೋಪಾನ ಅಂತ ಹೇಳಿ. ಎಡಗಡೆ ಮೇಲ್ಗಡೆ ಮೂಲೇಲಿ ಗೆದ್ದಲು ಬತ್ತದೆ, ವಾರಕ್ಕೊಂದ್ಸಲ ಬೇವಿನೆಣ್ಣೆ ಹಚ್ಚಬೇಕು."

ಬೇವಿನೆಣ್ಣೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನನಗೆ ಆ ಕ್ಷಣಕ್ಕೆ ನೆನಪಾಗಲಿಲ್ಲ.

ಬಸವಲಿಂಗಪ್ಪನವರು ಮುಂದೆ ಬಂದು, ಅಧಿಕಾರಿಗಳನ್ನು ಸುಮ್ಮನೆ ಒಯ್ಯಲು ಬರುವುದಿಲ್ಲ, ಬಿಡುಗಡೆ ಆದೇಶವಾಗಬೇಕು ಎಂದು ವಿವರಿಸಿದರು. ವರ್ಗಾವಣೆ ಸಾಧ್ಯವಿಲ್ಲ, ಇಂಗ್ಲೆಂಡಿನಲ್ಲಿ ನಮ್ಮ ಶಾಖೆಯಿಲ್ಲ. ನಿವೃತ್ತಿ ಸಾಧ್ಯವಿಲ್ಲ, ಹುಟ್ಟಿದ ತಾರೀಖಿಲ್ಲ.

ಮಿಸ್ ಹ್ಯಾರಿಯೆಟ್ ಎಲ್ಲರ ಮುಖ ನೋಡಿದರು. "ಆದರೆ ಅವರು 1903ರಲ್ಲೇ ತೀರಿಕೊಂಡರಲ್ಲ, ನ್ಯುಮೋನಿಯಾದಿಂದ" ಎಂದರು.

ನಾನು ಭಾಷಾಂತರಿಸಿದೆ. ಬಸವಲಿಂಗಪ್ಪನವರು ತಲೆಯ ಮೇಲಿನ ಟೋಪಿ ತೆಗೆದರು.

"ನಮಗ ಯಾರೂ ತಿಳಿಸಲೇ ಇಲ್ಲ" ಎಂದರು.

ಆಕೆ ಕೈಚೀಲದಿಂದ ಮನೆತನದ ಕಾಗದಗಳನ್ನು ತೆಗೆದರು. ಅದರಲ್ಲಿ ಮರಣ ಪ್ರಮಾಣಪತ್ರವೂ ಇತ್ತು. ನಾನು ಅದಕ್ಕೆ ಮೊಹರು ಒತ್ತಿ ಸ್ವೀಕೃತಿ ಹಾಕಿದೆ. ಜುಲೈ ಹದಿನಾಲ್ಕು, 1987. ಶ್ಯಾಮಸುಂದರ ಅವರ ಮುಖ ಅಷ್ಟು ಪ್ರಸನ್ನವಾಗಿದ್ದುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅವರು ಗೋಡೆಗೆ ಸುಣ್ಣ ಹೊಡೆಸಬೇಕಾದೀತೇ ಎಂದು ಬೆರಳಿನಿಂದ ಕೆರೆದು ನೋಡುತ್ತಿದ್ದರು.

ಮಾರನೆಯ ದಿನ ಕಚೇರಿಯಲ್ಲಿ ಬಸವಲಿಂಗಪ್ಪನವರು ವಸ್ತ್ರ ಬಿಚ್ಚಿ ಪುಸ್ತಕ ತೆರೆದರು. ಅಧಿಕಾರಿಯೊಬ್ಬರು ಸೇವೆಯಲ್ಲಿರುವಾಗಲೇ ಮೃತರಾದಲ್ಲಿ, ಅವರ ಮನೆಯನ್ನು ಅವಲಂಬಿತರಾದ ಮಗ ಅಥವಾ ಮಗಳಿಗೆ, ಆ ವ್ಯಕ್ತಿ ಇಲಾಖೆಯ ನೌಕರರಾಗಿದ್ದ ಪಕ್ಷದಲ್ಲಿ, ಅನುಕಂಪದ ಆಧಾರದ ಮೇಲೆ ಕಾಯಂ ಆಗಿ ಮಂಜೂರು ಮಾಡತಕ್ಕದ್ದು. ಕಾಯುವವರ ಪಟ್ಟಿ ಇದಕ್ಕೆ ಅನ್ವಯಿಸುವುದಿಲ್ಲ. ಓದಿ ಮುಗಿಸಿ, ರೇಷನ್ ಕಾರ್ಡನ್ನು ಮೇಜಿನ ಮೇಲಿಟ್ಟರು.

ಶ್ಯಾಮಸುಂದರ ಎದ್ದುನಿಂತರು. "ಸಾರ್, ಇದು ಹೇಗಾಗತ್ತೆ? ಅವರು ಸತ್ತಿದ್ದು 1903ರಲ್ಲಿ. ಈಯಮ್ಮ ಹುಟ್ಟಿದ್ದೇ ಆಮೇಲೆ ನಲವತ್ತು ವರ್ಷಕ್ಕೆ."

"ಯಾರು ಹೇಳಿದ್ದು 1903ರಾಗ ಅಂತ?"

"ಸರ್ಟಿಫಿಕೇಟಿನಲ್ಲೇ ಇದೆಯಲ್ಲ ಸಾರ್."

"ಅದು ಅವರ ದೇಶದ ಲೆಕ್ಕ. ಈ ತಿಂಗಳ ತನಕ ಅವರು ಜೀವಂತ ಇದ್ರು, ಸೋಪು ಖುದ್ದ ಇಸಕೊಂಡ್ರು ಅಂತ ನೀವೇ ಸಹಿ ಮಾಡೀರಿ." ಬಸವಲಿಂಗಪ್ಪನವರು ನನ್ನ ಕಡೆ ಕೈ ಚಾಚಿದರು. ನಾನು ನಲವತ್ತೊಂದು ಪತ್ರಗಳ ಕಟ್ಟನ್ನು ಕೊಟ್ಟೆ. ಅದನ್ನು ಬೆಳಗ್ಗೆಯೇ ದಾರ ಕಟ್ಟಿ ಸಿದ್ಧವಾಗಿಟ್ಟುಕೊಂಡಿದ್ದೆ. "ಈಗ ಹೇಳ್ರಿ. ನಿಮ್ಮ ಸಹಿ ಸುಳ್ಳೋ, ಆ ಪರದೇಶದವರ ಕಾಗದ ಸುಳ್ಳೋ?"

ಶ್ಯಾಮಸುಂದರ ಕಟ್ಟಿನ ಮೇಲಿನ ಪತ್ರದಲ್ಲಿ ತಮ್ಮ ಸಹಿ ನೋಡಿದರು. ಅವರ ಬಡ್ತಿ ಆ ವರ್ಷವೇ ಬರಬೇಕಿತ್ತು. ಕೊನೆಗೆ, ಇಂಗ್ಲೆಂಡಿನಲ್ಲಿ ದಾಖಲೆಗಳನ್ನು ಸರಿಯಾಗಿ ಇಡುವುದಿಲ್ಲವೆಂದು ತಾವೂ ಕೇಳಿದ್ದಾಗಿ ಹೇಳಿದರು. ಕಾಗದಕ್ಕೆ ಮೊಹರು ಬಿದ್ದ ದಿನವೇ ಮರಣದ ದಿನವೆಂದಾಯಿತು. ಜುಲೈ ತಿಂಗಳ ಎರಡು ಸೋಪುಗಳ ಪೈಕಿ ಹದಿನೇಳು ದಿನದ ಸೋಪು ಹೆಚ್ಚುವರಿಯೆಂದು ಕಂಡುಬಂದದ್ದರಿಂದ, ಉಳಿದ ಚೂರನ್ನು ಕಾಗದದಲ್ಲಿ ಸುತ್ತಿ ವಾಪಸು ಕೊಟ್ಟರು. ರಸೀತಿ ಕೊಟ್ಟೆ.

ಮಧ್ಯಾಹ್ನ ಕಚೇರಿಯಲ್ಲಿ ಸಂತಾಪ ಸಭೆ ನಡೆಯಿತು. ಹಿರಿಯ ಸಹೋದ್ಯೋಗಿಯೊಬ್ಬರ ಅಕಾಲಿಕ ನಿಧನಕ್ಕೆ ಶ್ಯಾಮಸುಂದರ ಅವರೇ ನಿರ್ಣಯ ಓದಿದರು. ಮೃತರು ಸರಳ ಸ್ವಭಾವದವರು, ಯಾರಿಗೂ ಎದುರಾಡಿದವರಲ್ಲ, ಒಂದು ದಿನವೂ ರಜೆ ಹಾಕಿದವರಲ್ಲ ಎಂದರು. ಎಲ್ಲವೂ ನಿಜ. ಎರಡು ನಿಮಿಷ ಮೌನವಾಗಿ ನಿಂತೆವು. ಹಾಜರಿ ಪುಸ್ತಕದಲ್ಲಿ ಮೊದಲ ಹೆಸರು ಹೋದದ್ದರಿಂದ ನಾವೆಲ್ಲ ಹಿರಿತನದಲ್ಲಿ ಒಂದೊಂದು ಮೆಟ್ಟಿಲು ಮೇಲೆ ಬಂದೆವು. ಆಮೇಲೆ ಅರ್ಧ ದಿನ ರಜೆ ಕೊಟ್ಟರು. ಸಭೆಯಲ್ಲಿ ನಿಜವಾಗಿ ಅತ್ತವರು ಮುನಿತಾಯಮ್ಮ ಒಬ್ಬರೇ. ಸೆರಗು ಬಾಯಿಗಿಟ್ಟುಕೊಂಡು, ಹಿಂದಿನ ಸಾಲಿನಲ್ಲಿ ನಿಂತು ಅತ್ತರು. ಬೆಳಗ್ಗೆಯಷ್ಟೇ ಪಟವನ್ನು ಕಂಬಳಿಯಲ್ಲಿ ಸುತ್ತಿ ಲಾರಿಗೆ ಏರಿಸಿ ಬಂದಿದ್ದರು.

ರಜೆಯಿದ್ದರೂ ಉಳಿದುಕೊಂಡು ಆದೇಶವನ್ನು ನಾನೇ ಟೈಪು ಮಾಡಿದೆ. "ದಿವಂಗತ ಲಾರ್ಡ್ ಆಂಬ್ರೋಸ್ ವಿದರ್‌ಬಿ ಇವರ ಪುತ್ರಿಯಾದ ಶ್ರೀಮತಿ ಮುನಿತಾಯಮ್ಮ ಇವರಿಗೆ, ಕುಟುಂಬಕ್ಕೆ ಒದಗಿದ ಆಕಸ್ಮಿಕ ವಿಪತ್ತನ್ನು ಪರಿಗಣಿಸಿ, ನಾಲ್ಕನೇ ನಂಬರ್ ವಸತಿಗೃಹವನ್ನು ಹಜಾರದ ಸಮೇತ ಮಂಜೂರು ಮಾಡಿ ಆದೇಶಿಸಿದೆ." ಹಜಾರದ ಸಮೇತ ಎಂಬುದು ಕರಡಿನಲ್ಲಿ ಇರಲಿಲ್ಲ. ಬಸವಲಿಂಗಪ್ಪನವರು ಸಹಿ ಹಾಕುವಾಗ ಅದನ್ನು ನೋಡಿದರು, ನನ್ನನ್ನೂ ನೋಡಿದರು, ಸಹಿ ಹಾಕಿದರು.

ಸಾಯಂಕಾಲ ಮುನಿತಾಯಮ್ಮ ಮೂರು ದಿನದ ರಜಾ ಅರ್ಜಿ ತಂದರು. ಇಂದ್ರ ಬರೆದುಕೊಟ್ಟಿದ್ದಳು, ಅಕ್ಷರ ದುಂಡಗಿತ್ತು. ಮೃತರೊಂದಿಗೆ ಸಂಬಂಧ ಎಂಬಲ್ಲಿ 'ತಂದೆ' ಎಂದಿತ್ತು.

ನಾನು ಕೇಳಬಾರದಿತ್ತು, ಕೇಳಿದೆ. "ಹದಿನೈದು ವರ್ಷ ದುಡಿದದ್ದಕ್ಕೆ ಸಿಗದೆ ಹೀಗೆ ಸಿಕ್ತಲ್ಲಮ್ಮ. ಬೇಜಾರಿಲ್ವಾ?"

ಮುನಿತಾಯಮ್ಮ ಮೂಗು ಒರೆಸಿಕೊಂಡರು. "ನಮ್ಮಪ್ಪ ಸತ್ತಾಗ ನಂಗೆ ಒಂದು ಕೊಡಾನೂ ಬಿಟ್ಟೋಗಿರ್ಲಿಲ್ಲ ಸಾರ್. ಇವ್ರು ಮನೆ ಬಿಟ್ಟೋದ್ರು. ಅಪ್ಪ ಅನ್ನದೆ ಇನ್ನೇನನ್ಲಿ?"

ರಜೆಯನ್ನು ಮಂಜೂರು ಮಾಡಲಾಯಿತು.